ಎಲೆಯನ್ನೂ ಬಿಟ್ಟವಳ ಹೆಸರು

ಓದುಗರೊಬ್ಬರ ಪತ್ರ: “ಮಗಳಿಗೆ ಅಪರ್ಣಾ ಎಂದು ಹೆಸರಿಡಬೇಕೆಂದಿದ್ದೇವೆ. ನನಗೂ ಯಜಮಾನರಿಗೂ ಹೆಸರು ಬಹಳ ಇಷ್ಟ. ಆದರೆ ನನ್ನ ದೊಡ್ಡಮ್ಮ, ‘ಅಪರ್ಣ ಎಂದರೆ ಎಲೆ ಇಲ್ಲದ್ದು, ಬೋಳುಮರ. ಹೆಣ್ಣುಮಗುವಿಗೆ ಅಂಥ ಹೆಸರೇ?’ ಎಂದು ತಕರಾರು ತೆಗೆದಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ‘ಎಲೆಗಳಿಂದ ತುಂಬಿದವಳು’ ಎಂದಿದೆ, ಇನ್ನೊಂದು ಕಡೆ ‘ಪಾರ್ವತಿ’ ಎಂದಷ್ಟೇ ಇದೆ. ಯಾವುದು ಸರಿ? ಈ ಹೆಸರು ಎಲ್ಲಿಂದ ಬಂತು, ಈಗಲೂ ಇಡುತ್ತಾರೆಯೇ? ಬರೆಯುವಾಗ ಅಪರ್ಣವೋ ಅಪರ್ಣಾವೋ?”

ಸಂಪಾದಕರ ಉತ್ತರ:

ಮೊದಲಿಗೆ ನಿಮ್ಮ ದೊಡ್ಡಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಪದ ಬಿಡಿಸಿದ್ದು ಸರಿಯಾಗಿಯೇ ಇದೆ. ಮೊಬೈಲಿನ ‘ಎಲೆಗಳಿಂದ ತುಂಬಿದವಳು’ ಶುದ್ಧ ತಲೆಕೆಳಗು. ಪರ್ಣ ಎಂದರೆ ಎಲೆ, ಅದರ ಹಿಂದಿನ ‘ಅ’ ಇಲ್ಲವೆನ್ನುತ್ತದೆ. ಎಲೆ ಇಲ್ಲದವಳು ಅಪರ್ಣಾ. ಆದರೆ ಎಲ್ಲಿ ಇಲ್ಲ? ಮೈಮೇಲೆಯೋ, ಕೊಂಬೆಯಲ್ಲೋ, ಊಟದಲ್ಲೋ? ಬಹುವ್ರೀಹಿ ಸಮಾಸ ಅದನ್ನು ಹೇಳುವುದಿಲ್ಲ, ‘ಯಾರಿಗೆ ಇಲ್ಲವೋ ಅವಳು’ ಎಂದು ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ಕಥೆಯೇ ಹೇಳಬೇಕು. ದೊಡ್ಡಮ್ಮ ಮರವನ್ನು ನೋಡಿದರು; ಕಥೆ ನೋಡುವುದು ಊಟದ ಕಡೆಗೆ.

ಕಾಳಿದಾಸನ ‘ಕುಮಾರಸಂಭವ’ದ ಐದನೆಯ ಸರ್ಗ ತೆಗೆಯಿರಿ. ಶಿವನ ಹಣೆಗಣ್ಣಿಗೆ ಮನ್ಮಥ ಬೂದಿಯಾಗಿದ್ದಾನೆ, ರೂಪದಿಂದ ಶಿವನನ್ನು ಗೆಲ್ಲಲಾಗದೆಂದು ಪಾರ್ವತಿಗೆ ಗೊತ್ತಾಗಿದೆ. ಅವಳು ನಾರುಮಡಿ ಉಟ್ಟು ತಪಸ್ಸಿಗೆ ಕೂರುತ್ತಾಳೆ. ಬೇಸಗೆಯಲ್ಲಿ ನಾಲ್ಕು ಕಡೆ ಬೆಂಕಿ, ನೆತ್ತಿಯ ಮೇಲಿನ ಸೂರ್ಯನಲ್ಲೇ ನೆಟ್ಟ ಕಣ್ಣು. ಮಳೆಗಾಲದಲ್ಲಿ ಬಯಲಿನ ಬಂಡೆಯೇ ಹಾಸಿಗೆ. ಚಳಿಗಾಲದ ರಾತ್ರಿಗಳಲ್ಲಿ ನೀರಿನಲ್ಲೇ ವಾಸ. ಕೇಳದೆ ಬಂದ ಮಳೆನೀರು ಮತ್ತು ಬೆಳದಿಂಗಳು, ಇಷ್ಟೇ ಅವಳ ಪಾರಣೆ. ಗಿಡಮರಗಳು ಬದುಕುವ ರೀತಿಗೂ ಅವಳು ಬದುಕಿದ ರೀತಿಗೂ ವ್ಯತ್ಯಾಸವೇ ಇರಲಿಲ್ಲ ಎನ್ನುತ್ತಾನೆ ಕವಿ. ಆಮೇಲೆ 28ನೆಯ ಶ್ಲೋಕ: ತಾನಾಗಿ ಉದುರಿದ ಎಲೆಯನ್ನು ತಿಂದು ಬದುಕುವುದು ತಪಸ್ಸಿನ ತುತ್ತತುದಿ, ಅವಳು ಅದನ್ನೂ ಬಿಟ್ಟಳು, ಅದಕ್ಕೇ ಹಳೆಯದನ್ನು ಬಲ್ಲವರು ಆ ಪ್ರಿಯಂವದೆಯನ್ನು ಅಪರ್ಣಾ ಎನ್ನುತ್ತಾರೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ‘ಪ್ರಿಯಂವದೆ’ ಎಂಬ ಮಾತು. ಒಪ್ಪೊತ್ತು ಉಪವಾಸ ಮಾಡಿದರೆ ನಾವು ಮನೆಮಂದಿಯ ಮೇಲೆಲ್ಲ ಸಿಡುಕುತ್ತೇವೆ. ಎಲೆಯನ್ನೂ ಮುಟ್ಟದವಳ ನಾಲಗೆಯಲ್ಲಿ ಸವಿ ಉಳಿದಿತ್ತು ಎಂಬುದನ್ನು ಕವಿ ಮರೆಯದೆ ಹೇಳಿದ್ದಾನೆ.

ಕಥೆ ಕಾಳಿದಾಸನೊಬ್ಬನದೇ ಅಲ್ಲ. ‘ಹರಿವಂಶ’ದಲ್ಲಿ ಹಿಮವಂತ ಮತ್ತು ಮೇನೆಗೆ ಮೂವರು ಹೆಣ್ಣುಮಕ್ಕಳು. ಒಬ್ಬಳು ಒಂದೇ ಎಲೆಯ ಮೇಲೆ ಜೀವ ಹಿಡಿದಳು, ಏಕಪರ್ಣಾ. ಇನ್ನೊಬ್ಬಳು ಒಂದೇ ಪಾಟಲದ ಎಲೆಯ ಮೇಲೆ, ಏಕಪಾಟಲಾ. ಹಿರಿಯವಳಿಗೆ ಅದೂ ಬೇಡ. ಹೆತ್ತ ಕರುಳು ತಡೆಯದೆ ತಾಯಿ, ‘ಉ, ಮಾ’, ಅಂದರೆ ‘ಅಯ್ಯೋ, ಬೇಡ ಕಣೇ’ ಎಂದಳಂತೆ. ಅದರಿಂದಲೇ ಉಮಾ ಎಂಬ ಹೆಸರೂ ಬಂತು ಎನ್ನುತ್ತದೆ ಪುರಾಣ. ಹೀಗೆ ಉಮಾ ಮತ್ತು ಅಪರ್ಣಾ ಒಂದೇ ಗಳಿಗೆಯ ಎರಡು ಹೆಸರುಗಳು: ಒಂದು ತಾಯಿಯ ಸಂಕಟ, ಇನ್ನೊಂದು ಮಗಳ ಹಟ. ಭಾಷಾವಿದರು ಉಮಾ ಶಬ್ದಕ್ಕೆ ಬೇರೆ ಬೇರುಗಳನ್ನು ಹುಡುಕುತ್ತಾರೆ, ಅದು ಬೇರೆ ವಿಚಾರ. ಮಗುವಿಗೆ ಹೇಳಿ ಮಲಗಿಸಲು ಮೇನೆಯ ಮಾತೇ ಚೆನ್ನ.

ಇನ್ನು ಅಶುಭದ ಆತಂಕ. ದೊಡ್ಡಮ್ಮನವರ ಮನೆಯಲ್ಲಿ ‘ಅಮರಕೋಶ’ ಇದ್ದರೆ ಪಾರ್ವತಿಯ ಹೆಸರುಗಳ ಸಾಲು ತೋರಿಸಿ. ‘ಶಿವಾ ಭವಾನೀ ರುದ್ರಾಣೀ ಶರ್ವಾಣೀ ಸರ್ವಮಂಗಳಾ’ ಎಂದು ಒಂದು ಸಾಲು ಮುಗಿಯುತ್ತದೆ. ಮುಂದಿನದು ‘ಅಪರ್ಣಾ ಪಾರ್ವತೀ ದುರ್ಗಾ’ ಎಂದು ಶುರುವಾಗುತ್ತದೆ. ಸರ್ವಮಂಗಳೆಯ ಪಕ್ಕದಲ್ಲೇ ಕುಳಿತ ಹೆಸರಿಗೆ ಅಮಂಗಳ ಎಲ್ಲಿಂದ ಬರಬೇಕು? ‘ಲಲಿತಾ ಸಹಸ್ರನಾಮ’ದಲ್ಲೂ ‘ಅಪರ್ಣಾ ಚಂಡಿಕಾ’ ಎಂದು ಬರುತ್ತದೆ. ದಿನವೂ ಅದನ್ನು ಪಾರಾಯಣ ಮಾಡುವವರು ಈ ಹೆಸರನ್ನು ದಿನವೂ ಹೇಳುತ್ತಲೇ ಇದ್ದಾರೆ.

ಬೋಳುಮರದ ಮಾತನ್ನೂ ಹಾಗೇ ಬಿಡುವುದು ಬೇಡ. ಅದಕ್ಕೆ ಉತ್ತರ ಕೊಟ್ಟ ಶ್ಲೋಕವೊಂದು ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಆನಂದಲಹರಿ’ಯಲ್ಲಿದೆ. ಉಳಿದವರು ಎಲೆ ತುಂಬಿದ, ಏನೋ ಕೆಲವು ಗುಣಗಳಿರುವ ಬಳ್ಳಿಯನ್ನು ಹುಡುಕಿಕೊಂಡು ಹೋಗುತ್ತಾರೆ. ನನಗಂತೂ ಎಲೆಯಿಲ್ಲದ ಆ ಒಂದು ಬಳ್ಳಿಯೇ ಸಾಕು, ಅದು ಸುತ್ತಿಕೊಂಡರೆ ಹಳೆಯ ಸ್ಥಾಣುವೂ ಕೈವಲ್ಯವೆಂಬ ಫಲ ಬಿಡುತ್ತದೆ ಎಂಬುದು ಅದರ ಭಾವ. ಸ್ಥಾಣು ಎಂದರೆ ಮೋಟುಮರ, ಶಿವನ ಹೆಸರೂ ಹೌದು. ಬೋಳಾಗಿರುವುದು ವರನ ಕಡೆಯೇ ಎಂದು ಕವಿ ಮೆಲ್ಲಗೆ ಚುಚ್ಚಿದ್ದಾನೆ! ಕೊರಡು ಕೊನರುವ ಮಾತು ನಮಗೆ ಹೊಸದಲ್ಲ. ಇಲ್ಲಿ ಕೊರಡು ಹಣ್ಣನ್ನೇ ಬಿಟ್ಟಿತು.

ನಿಮ್ಮ ಯಜಮಾನರಿಗೆ ಇಷ್ಟವಾಗಬಹುದಾದ ಇನ್ನೊಂದು ಅರ್ಥವೂ ಇದೆ. ಶಾಲೆಯಲ್ಲಿ ಗುಣಸಂಧಿ ಕಲಿತದ್ದು ನೆನಪಿದೆಯೇ? ಮಹಾ + ಋಷಿ = ಮಹರ್ಷಿ. ಹಾಗೆಯೇ ಅಪ + ಋಣ = ಅಪರ್ಣ. ಋಣ ಕಳೆದುಕೊಂಡವಳು, ಯಾರ ಸಾಲವನ್ನೂ ಉಳಿಸಿಕೊಳ್ಳದವಳು. ಸಹಸ್ರನಾಮಕ್ಕೆ ಭಾಷ್ಯ ಬರೆದ 18ನೆಯ ಶತಮಾನದ ಭಾಸ್ಕರರಾಯರು ಈ ಅರ್ಥವನ್ನೂ ಎತ್ತುತ್ತಾರೆ. ‘ನಿನ್ನ ನಾಮ ಜಪಿಸಿದ ನನಗೆ ಇಷ್ಟಾರ್ಥದ ಸಾಲ ತೀರಿಸದೆ, ಋಣವಿಲ್ಲದವಳೆಂಬ ಹೆಸರನ್ನು ಹೇಗಮ್ಮ ಹೊತ್ತಿದ್ದೀಯೆ?’ ಎಂದು ಭಕ್ತ ದೇವಿಯನ್ನೇ ತಗಾದೆ ಮಾಡುವ ಪದ್ಯವನ್ನೂ ಕೊಡುತ್ತಾರೆ. ಇದು ಪಂಡಿತರ ಚಮತ್ಕಾರ, ಹೆಸರಿನ ಮೂಲವಲ್ಲ. ಆದರೂ ಗೃಹಸಾಲದ ಕಂತು ಕಟ್ಟುವ ಅಪ್ಪ ಅಮ್ಮಂದಿರು ಇದನ್ನು ಬೇಡವೆನ್ನಲಾರರು.

‘ಅಪರ್ಣಿ’ ಏಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಪಾಣಿನಿಯ ಪ್ರಕಾರ ಪರ್ಣ ಶಬ್ದ ಕೊನೆಗೆ ಬಂದು ಅದು ಒಂದು ಜಾತಿಯ ಹೆಸರಾದಾಗ ಈಕಾರ ಬರುತ್ತದೆ: ಶಾಲಪರ್ಣಿ, ಪೃಶ್ನಿಪರ್ಣಿ, ಆಯುರ್ವೇದದ ದಶಮೂಲದಲ್ಲಿ ಸೇರುವ ಗಿಡಗಳು. ಅಪರ್ಣಾ ಗಿಡದ ಜಾತಿಯಲ್ಲವಲ್ಲ.

ಈಗಲೂ ಇಡುತ್ತಾರೆಯೇ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಆಗುವಂತೆ ಪ್ರತಿ ವರ್ಷ ಇಟ್ಟ ಹೆಸರುಗಳ ಸರ್ಕಾರಿ ಪಟ್ಟಿ ನಮ್ಮಲ್ಲಿ ಹೊರಬರುವುದಿಲ್ಲ. ಹೆಸರುಗಳ ಜಾಡು ಹಿಡಿದೇ ಅಂದಾಜು ಮಾಡಬೇಕು. ಈ ಹೆಸರಿನ ಮೇಲೆ ಬಂಗಾಳಿಗಳ ಪ್ರೀತಿ ದೊಡ್ಡದು. ಶಕ್ತಿಪೀಠಗಳ ಪಟ್ಟಿಯಲ್ಲಿ ಕರತೋಯಾ ನದಿಯ ದಡದ ದೇವಿ ಅಪರ್ಣಾ. ಆ ಕ್ಷೇತ್ರ ಈಗ ಬಾಂಗ್ಲಾದೇಶದಲ್ಲಿದೆ. ರವೀಂದ್ರನಾಥ ಠಾಕೂರರ 1890ರ ನಾಟಕ ‘ವಿಸರ್ಜನ’ದಲ್ಲಿ, ತನ್ನ ಮೇಕೆಮರಿಯನ್ನು ದೇವಿಗೆ ಬಲಿ ಕೊಟ್ಟರೆಂದು ರಾಜನ ಮುಂದೆ ಅಳುವ ಬಡ ಹುಡುಗಿ ಅಪರ್ಣಾ. ಸತ್ಯಜಿತ್ ರಾಯ್ ಅವರ 1959ರ ‘ಅಪುರ್ ಸಂಸಾರ್’ನಲ್ಲಿ ಶರ್ಮಿಳಾ ಠಾಕೂರ್ ಮೊದಲ ಬಾರಿಗೆ ತೆರೆಗೆ ಬಂದದ್ದೂ ಅಪರ್ಣಾ ಆಗಿಯೇ. 1945ರಲ್ಲಿ ಹುಟ್ಟಿದ ಚಿತ್ರನಿರ್ದೇಶಕಿ ಅಪರ್ಣಾ ಸೇನ್ ಅವರಂತೂ ಎಲ್ಲರಿಗೂ ಗೊತ್ತು. ಅಲ್ಲಿ ಉಚ್ಚಾರ ‘ಓಪೊರ್ನಾ’ ಎಂದಾಗುತ್ತದೆ. ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರವಿರುವ ತಮಿಳಿನಲ್ಲಿ ‘ಅಬರ್ಣಾ’ ಎನ್ನುವವರೂ ಇದ್ದಾರೆ. ಬ್ಯಾಡ್ಮಿಂಟನ್‌ನಲ್ಲಿ ಸತತ 9 ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು ಅಪರ್ಣಾ ಪೋಪಟ್. ನಮಗಂತೂ ಈ ಹೆಸರಿಗೊಂದು ದನಿಯೇ ಇದೆ: 2024ರ ಜುಲೈಯಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರ ಅಚ್ಚಗನ್ನಡದ ದನಿ, ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಹೇಳುತ್ತಿದ್ದದ್ದು. ಈಗಿನ ಎರಡಕ್ಷರದ ಹೆಸರುಗಳ ಭರಾಟೆಯಲ್ಲಿ ಅಪರ್ಣಾ ಸ್ವಲ್ಪ ಹಿಂದೆ ಸರಿದಂತೆ ನನಗೆ ಕಾಣುತ್ತದೆ. ಅದು ಒಳ್ಳೆಯದೇ ಆಯಿತು. ತರಗತಿಯಲ್ಲಿ ಮೇಷ್ಟರು ಕರೆದರೆ ನಿಮ್ಮ ಮಗಳೊಬ್ಬಳೇ ಎದ್ದು ನಿಲ್ಲಬಹುದು.

ಕೊನೆಗೆ ಬರವಣಿಗೆ. ಸಂಸ್ಕೃತದಲ್ಲಿ ಅಪರ್ಣಾ, ದೀರ್ಘ. ಹಳೆಯ ಕನ್ನಡದ ಪದ್ಧತಿ ಹಿಡಿದರೆ ಮಾಲಾ ಮಾಲೆಯಾದಂತೆ, ಸೀತಾ ಸೀತೆಯಾದಂತೆ ಇವಳು ಅಪರ್ಣೆಯಾಗಬೇಕು. ಕಾವ್ಯದಲ್ಲಿ ಅದು ಚೆಂದ, ಆಧಾರ್ ಚೀಟಿಯಲ್ಲಿ ಬೇಡ. ದೀರ್ಘ ಬಿಟ್ಟು ಅಪರ್ಣ ಎಂದು ಬರೆಯುವವರೂ ಬೇಕಾದಷ್ಟು. ನನ್ನ ಮತ ದೀರ್ಘಕ್ಕೆ. ಯಾವುದಾದರೂ ಇರಲಿ, ಜನನ ಪ್ರಮಾಣಪತ್ರದಿಂದ ಶಾಲೆಯ ದಾಖಲೆಯವರೆಗೆ ಒಂದೇ ಇರಲಿ. ದೊಡ್ಡಮ್ಮನವರನ್ನು ಒಪ್ಪಿಸಲು ಸಮಯ ಬೇಕಾದರೆ ಗಾಬರಿ ಬೇಡ: ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಿ, 12 ತಿಂಗಳ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಪ್ರಮಾಣಪತ್ರ ಕೈಗೆ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡು ಓದಿ. ಈ ಉತ್ತರದ ಮೊದಲ ಕರಡಚ್ಚು ಈಗ ನನ್ನ ಮೇಜಿನ ಮೇಲಿದೆ. ಮೂರು ಕಡೆ ‘ಅಪೂರ್ಣಾ’ ಎಂದು ಬಿದ್ದಿತ್ತು. ಮೂರಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೊಂಬು ಕಿತ್ತು ಅಚ್ಚಿಗೆ ಕಳಿಸುತ್ತಿದ್ದೇನೆ.