ಷಡ್ಜ ಎಲ್ಲಿಗೆ ಹೋಗಿ ಬಂತು, ಅದನ್ನು ಬರೆಯಿರಿ

ನಮಸ್ಕಾರ.

ಪಾಶ್ಚಾತ್ಯ ಸಂಗೀತದ ಬರೋಕ್ ಕಾಲ ಮತ್ತು ಅದರ ನಂತರದ ಕ್ಲಾಸಿಕಲ್ ಕಾಲದ ರೂಪಗಳ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಇಷ್ಟುದ್ದದ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಅದು ರಚನೆಕಾರ ಹೈಡನ್‌ನ 45ನೇ ಸಿಂಫನಿಯ, ಅಂದರೆ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿಯ, ಪ್ರಸಂಗ. 1772ರಲ್ಲಿ ಹೈಡನ್‌ನ ಆಶ್ರಯದಾತ ಎಸ್ಟರ್‌ಹಾಜಿ ದೊರೆ ಬೇಸಿಗೆ ಅರಮನೆಯಲ್ಲೇ ಉಳಿದುಬಿಟ್ಟ. ವಾದಕರು ಹೆಂಡತಿ ಮಕ್ಕಳ ಮುಖ ನೋಡದೆ ಹಂಬಲಿಸುತ್ತಿದ್ದರು. ಕೊನೆಯ ಭಾಗದಲ್ಲಿ ಅವರು ಒಬ್ಬೊಬ್ಬರಾಗಿ ಎದ್ದು ಹೋಗುವಂತೆ ಹೈಡನ್ ಬರೆದ. ಕಡೆಗೆ ಉಳಿದದ್ದು ಎರಡೇ ಪಿಟೀಲು. ಚೆನ್ನಾಗಿ ಹೇಳಿದ್ದೀರಿ. ಆದರೆ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಆ ಕಾಲದ ಸಿಂಫನಿ ಸಾಮಾನ್ಯವಾಗಿ ವೇಗದ ಭಾಗದಿಂದ ಮುಗಿಯುತ್ತಿತ್ತು. ಇಲ್ಲೂ ಅಂಥ ಭಾಗ ಶುರುವಾಗುತ್ತದೆ, ಇನ್ನೇನು ಮುಗಿಯಿತು ಅನ್ನುವಾಗ ನಡುವೆಯೇ ನಿಂತು, ಯಾರೂ ನಿರೀಕ್ಷಿಸದ ವಿಳಂಬದ ಭಾಗವೊಂದು ತೆರೆದುಕೊಳ್ಳುತ್ತದೆ. ಮೊದಲ ವಾದಕ ಏಳುವ ಮೊದಲೇ ಕೇಳುಗರಿಗೆ ಏನೋ ಬೇರೆಯಾಗಿದೆ ಅನ್ನಿಸುತ್ತದೆ. ರೂಪ ಅಂದರೆ ಕೇಳುಗನ ಕಿವಿ ಕಾಯುತ್ತಿರುವುದು. ಅದನ್ನು ಹೇಳದಿದ್ದರೆ ಈ ಪ್ರಸಂಗ ಬರೀ ಕತೆಯಾಗಿ ಉಳಿಯುತ್ತದೆ.

ಉಳಿದ ಪುಟಗಳಲ್ಲಿ ಫ್ಯೂಗ್, ಕನ್ಚೆರ್ಟೊ, ಸೂಟ್, ಸೊನಾಟಾ, ರೊಂಡೊ ಎಲ್ಲಕ್ಕೂ ಐದೈದು ಸಾಲಿನ ವ್ಯಾಖ್ಯೆ ಕೊಟ್ಟಿದ್ದೀರಿ. ಓದಿದೆ, ಏನೂ ಕೇಳಿಸಲಿಲ್ಲ.

ಸೊನಾಟಾ ರೂಪವನ್ನು ಪಲ್ಲವಿ, ಅನುಪಲ್ಲವಿ, ಚರಣಕ್ಕೆ ಹೋಲಿಸಿದ್ದು ದಾರಿ ತಪ್ಪಿಸುತ್ತದೆ. ನಮ್ಮ ಓದುಗರಲ್ಲಿ ಅನೇಕರ ಕಿವಿ ತಂಬೂರಿಯ ನಾದದಲ್ಲಿ ಬೆಳೆದದ್ದು. ನಮ್ಮ ಸಂಗೀತದಲ್ಲಿ ಕೃತಿ ಮುಗಿಯುವ ತನಕ ಷಡ್ಜ ಕದಲುವುದಿಲ್ಲ. ಸೊನಾಟಾ ರೂಪದಲ್ಲಿ ಕದಲುತ್ತದೆ. ಅದು ಹೋಗಿ ಬರುವ ದಾರಿಯನ್ನು ತೋರಿಸದೆ ಸೊನಾಟಾ ರೂಪವನ್ನು ವಿವರಿಸಲಾಗದು.

ಮೊಜಾರ್ಟ್ 1788ರಲ್ಲಿ ಬರೆದ 40ನೇ ಸಿಂಫನಿಯ ಮೊದಲ ಭಾಗವನ್ನೇ ತೆಗೆದುಕೊಳ್ಳಿ. ವಿಯೋಲಾಗಳ ತಳಮಳದ ಮೇಲೆ ಪಿಟೀಲುಗಳು ಜಿ ಮೈನರ್‌ನಲ್ಲಿ, ಅಂದರೆ ಜಿ ಸ್ವರವೇ ಷಡ್ಜವಾದ ವಿಷಾದದ ಶ್ರೇಣಿಯಲ್ಲಿ, ಮೊದಲ ರಾಗವನ್ನು ಎತ್ತಿಕೊಳ್ಳುತ್ತವೆ (ಇಲ್ಲಿ ರಾಗ ಅಂದರೆ ಒಂದು ಧಾಟಿ, ನಮ್ಮ ರಾಗವಲ್ಲ). ಸ್ಥೂಲವಾಗಿ ನಮ್ಮ ನಠಭೈರವಿಯ ಸ್ವರಗಳು. ಆಮೇಲೆ ಇಡೀ ವಾದ್ಯವೃಂದ ಒಂದು ಕ್ಷಣ ಮೌನವಾಗುತ್ತದೆ. ಎರಡನೇ ರಾಗ ಬರುವಾಗ ಷಡ್ಜ ಗಾಂಧಾರಕ್ಕೆ ಸರಿದಿರುತ್ತದೆ, ಬಿ ಫ್ಲ್ಯಾಟ್ ಮೇಜರ್. ಗ್ರಹಭೇದ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ: ನಠಭೈರವಿಯ ಗಾಂಧಾರವೇ ಷಡ್ಜವಾದರೆ ಶಂಕರಾಭರಣ. ಮುಖ ಅರಳುತ್ತದೆ. ನಡುವಿನ ಭಾಗದಲ್ಲಿ ಮೊದಲ ರಾಗ ಎಲ್ಲೆಲ್ಲೋ ಅಲೆದು ಮನೆಗೆ ಮರಳುತ್ತದೆ. ಎರಡನೇ ರಾಗವೂ ಮರಳಿ ಬರುತ್ತದೆ, ಆದರೆ ಈ ಸಲ ಜಿ ಮೈನರ್‌ನಲ್ಲಿ. ಮೊದಲು ಬೆಳಕಾಗಿದ್ದ ಅದೇ ರಾಗ ಈಗ ದುಃಖದ್ದು. ನನಗೆ ಇವತ್ತಿಗೂ ಅಲ್ಲಿ ಎದೆ ಹಿಡಿದಂತಾಗುತ್ತದೆ. 'ಪ್ರಸ್ತಾವ, ವಿಸ್ತಾರ, ಪುನರಾವರ್ತನೆ' ಎಂದು ನೀವು ಬರೆದ ಮೂರು ಪದಗಳ ಒಳಗೆ ಇಷ್ಟೆಲ್ಲ ಇದೆ.

ಪಲ್ಲವಿಯ ಹೋಲಿಕೆ ಬೇಕೇ ಬೇಕೆಂದರೆ ವಿವಾಲ್ಡಿಗೆ ಕೊಡಿ. ಬರೋಕ್ ಕಾಲದ ಅವನ 'ವಸಂತ' ಕನ್ಚೆರ್ಟೊದಲ್ಲಿ ಹಕ್ಕಿ, ತೊರೆ, ಗುಡುಗುಗಳ ನಡುವೆ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಆದರೆ ಗುಡುಗಿನ ನಂತರ ಅದೇ ಸಾಲು ಮೈನರ್‌ಗೆ ತಿರುಗಿ ಬರುವುದನ್ನೂ ಹೇಳಬೇಕು. ನಮ್ಮ ಪಲ್ಲವಿ ಹಾಗೆ ಶ್ರುತಿ ಬದಲಿಸುವುದಿಲ್ಲ.

ತಿದ್ದಲೇಬೇಕಾದವು ಕೆಲವಿವೆ. ಡೊಮೆನಿಕೊ ಸ್ಕಾರ್ಲಾಟಿಯ ಐನೂರೈವತ್ತೈದು ಸೊನಾಟಾಗಳನ್ನು ಸೊನಾಟಾ ರೂಪದ ಉದಾಹರಣೆಯಾಗಿ ಕೊಟ್ಟಿದ್ದೀರಿ. ಹೆಸರು ಒಂದೇ, ವಸ್ತು ಬೇರೆ. ಅವು ಹೆಚ್ಚಾಗಿ ಎರಡು ಭಾಗಗಳ ರಚನೆಗಳು. '1750ರಲ್ಲಿ ಬಾಖ್ ತೀರಿಕೊಂಡ, ಬರೋಕ್ ಮುಗಿಯಿತು' ಎಂಬ ವಾಕ್ಯವೂ ನಿಲ್ಲದು. ಮೊಜಾರ್ಟ್ ಅದೇ 1788ರಲ್ಲಿ 'ಜುಪಿಟರ್' ಸಿಂಫನಿಯ ಕೊನೆಯಲ್ಲಿ ಐದು ರಾಗಗಳನ್ನು ಬರೋಕ್‌ನ ಮುಖ್ಯ ರೂಪವಾದ ಫ್ಯೂಗ್‌ನ ರೀತಿಯಲ್ಲಿ ಒಂದರ ಮೇಲೊಂದು ಹೆಣೆದಿದ್ದಾನೆ. ಇನ್ನು 'ಶಾಸ್ತ್ರೀಯ ಯುಗ' ಎಂಬ ಪದ ಬೇಡ. ನಮಗೆ ತ್ಯಾಗರಾಜರೂ ಶಾಸ್ತ್ರೀಯ, ಬಾಖ್‌ನೂ ಶಾಸ್ತ್ರೀಯ; ಹೈಡನ್, ಮೊಜಾರ್ಟರ ಕಾಲಕ್ಕೆ 'ಕ್ಲಾಸಿಕಲ್ ಕಾಲ' ಅಂತಲೇ ಬರೆಯಿರಿ, ಗೊಂದಲವಿರುವುದಿಲ್ಲ.

ಮತ್ತೆ ಕಳಿಸಿ. ಸಾವಿರದಿನ್ನೂರು ಪದ ಸಾಕು. ಹೈಡನ್‌ನಿಂದ ಶುರುಮಾಡಿ, ನಂತರ ಒಂದೇ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿ. ಮೊಜಾರ್ಟ್ ನನ್ನ ಆಯ್ಕೆ, ನಿಮ್ಮದು ಬೇರೆ ಇದ್ದರೆ ಅದೇ ಇರಲಿ. ಫ್ಯೂಗ್ ಭಾಗವನ್ನು ಈ ಸಲ ಪೂರ್ತಿ ಬಿಡಿ, ಅದಕ್ಕೆ ಬೇರೆಯೇ ಲೇಖನ ಬೇಕು. ಅದನ್ನೂ ನೀವೇ ಬರೆಯಬೇಕೆಂದು ನನ್ನ ಆಸೆ.