ಕುಣಿಮಗ್ಗದ ಪಕ್ಕದಲ್ಲಿ ಬರೆದ ಟಿಪ್ಪಣಿಗಳನ್ನು ಸಮ್ಮೇಳನಕ್ಕೆ ಕಳಿಸಬಹುದೆ?

ಮಾನ್ಯ ಸೋದರಿಯವರಿಗೆ ನಮಸ್ಕಾರಗಳು.

ಇಳಕಲ್ಲಿನಿಂದ ತಾವು ಬರೆದ ಪತ್ರ ಮತ್ತು ಅದರ ಜೊತೆಗಿನ ಕರಡು ಬೆಳಗಾವಿಯ ನಮ್ಮ ಕಚೇರಿಗೆ ತಲುಪಿವೆ. ಆರೋಗ್ಯ ಇಲಾಖೆಯಲ್ಲಿ ಸಹಾಯಕಿಯಾಗಿ ದುಡಿದು ನಿವೃತ್ತರಾದ ತಾವು, ನೇಕಾರರ ಓಣಿಗಳ ಹಿರಿಯರ ಬಗ್ಗೆ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದಿದ್ದೀರಿ. ಆರೋಗ್ಯಕರ ವೃದ್ಧಾಪ್ಯ ಕುರಿತ ಸಮ್ಮೇಳನವೊಂದು ಸಂಶೋಧನೆಗಳನ್ನೂ ಹೊಸ ವಿಚಾರಗಳನ್ನೂ ಆಹ್ವಾನಿಸಿರುವುದನ್ನು ನೋಡಿ, ಸಂಶೋಧನ ಪದವಿ ಇಲ್ಲದವರು ಕಳಿಸಬಹುದೆ, ಕಳಿಸುವುದಾದರೆ ಏನನ್ನು ಕಳಿಸಬೇಕು, ಕರಡು ಸರಿಯಾಗಿದೆಯೆ ಎಂದು ಕೇಳಿದ್ದೀರಿ. ಇಂಥ ಪ್ರಶ್ನೆ ಇತರ ಓದುಗರಿಗೂ ಇರಬಹುದಾದ್ದರಿಂದ ಉತ್ತರವನ್ನು ಪತ್ರಿಕೆಯಲ್ಲೇ ವಿವರವಾಗಿ ಬರೆಯುತ್ತಿದ್ದೇನೆ.

ಖಂಡಿತ ಕಳಿಸಬಹುದು. ಆಹ್ವಾನದಲ್ಲಿ ಅರ್ಹತೆಯ ಷರತ್ತು ಇಲ್ಲವೆಂದು ತಾವೇ ಬರೆದಿರುವಾಗ ಹಿಂಜರಿಯಬೇಕಾದ ಕಾರಣವಿಲ್ಲ.

ಕರಡಿನ ವಿಷಯದಲ್ಲಿ ಮಾತ್ರ ನನಗೆ ಹೇಳುವುದು ಬಹಳವಿದೆ. ಸಮ್ಮೇಳನಕ್ಕೆ ಮೊದಲು ಕಳಿಸಬೇಕಾದ ಸಾರಾಂಶಕ್ಕೆ ಸಿಗುವ ಜಾಗ ಸಾಮಾನ್ಯವಾಗಿ 250ರಿಂದ 300 ಪದಗಳು. ಅದರಲ್ಲಿ ಅರ್ಧದಷ್ಟನ್ನು ತಾವು ಅವಿಭಕ್ತ ಕುಟುಂಬಗಳು ಒಡೆದವು, ಮಕ್ಕಳು ಬೆಂಗಳೂರು ಪುಣೆ ಸೇರಿದರು, ಹಿರಿಯರನ್ನು ಕೇಳುವವರಿಲ್ಲ ಎಂಬ ಮಾತುಗಳಿಗೆ ಕೊಟ್ಟಿದ್ದೀರಿ. ಈ ಮಾತುಗಳನ್ನು ಯಾವ ಊರಿನಿಂದ ಯಾರು ಬೇಕಾದರೂ ಬರೆಯಬಹುದು. ತಾವಲ್ಲದೆ ಬೇರೆಯವರು ಬರೆಯಲಾರದ ಸಂಗತಿ ಇರುವುದು ಕರಡಿನ ಕೊನೆಯಲ್ಲಿ, ಅದೂ ನಾಲ್ಕೇ ಸಾಲಿನಲ್ಲಿ. ಕುಣಿಮಗ್ಗದಲ್ಲಿ ನೆಲಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ನೇಯುವ ಹಿರಿಯರೊಬ್ಬರು ಮೇಲೇಳುವಾಗ ಎರಡೂ ಅಂಗೈಗಳನ್ನು ಕುಣಿಯ ಅಂಚಿಗೆ ಊರಿ, ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೊದಲು ಒಂದು ಮೊಣಕಾಲನ್ನು ನೆಲಕ್ಕೆ ತಂದು, ಕಂಬ ಹಿಡಿದು ನಿಲ್ಲುವುದನ್ನು ತಾವು ಬರೆದಿದ್ದೀರಿ. ಹೀಗೆ ಏಳುವುದು ತಮ್ಮಿಂದ ಆಗದೆಂದು ಅನಿಸಿದ ದಿನವೇ ಅವರು ನೇಯುವ ಲಾಳಿಯನ್ನು ಬಿಟ್ಟು, ಅದರೊಳಗೆ ಇಡುವ ನೂಲಿನ ಕಂಡಿಕೆಗಳನ್ನು ರಾಟಿಯಲ್ಲಿ ಸುತ್ತುವ ಕೆಲಸಕ್ಕೆ ಬರುತ್ತಾರೆ, ಅಲ್ಲಿಂದ ಗಳಿಕೆಯೂ ಮನೆಯೊಳಗಿನ ಮಾತಿನ ತೂಕವೂ ಇಳಿಯುತ್ತದೆ ಎಂದಿದ್ದೀರಿ. ಒಂದು ಮನೆಯಲ್ಲಿ ಮಗ ಕುಣಿಯೊಳಗೆ ಕಲ್ಲಿನ ಮೆಟ್ಟಿಲೊಂದನ್ನು ಕೂಡಿಸಿ, ಅಂಚಿನಲ್ಲಿ ಹಿಡಿಯಲು ಗೂಟ ನೆಟ್ಟ ಮೇಲೆ ತಂದೆ ಮತ್ತೆ ಮಗ್ಗಕ್ಕೆ ಕುಳಿತರೆಂಬ ಮಾತೂ ಅಲ್ಲಿದೆ. ಸಾರಾಂಶ ಆರಂಭವಾಗಬೇಕಾದದ್ದು ಇಲ್ಲಿಂದ.

ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಆರೋಗ್ಯಕರ ವೃದ್ಧಾಪ್ಯವನ್ನು ಕಾಯಿಲೆಯಿಲ್ಲದಿರುವಿಕೆಯೆಂದು ಹೇಳಲಿಲ್ಲ. ಮನುಷ್ಯನು ತನಗೆ ಮುಖ್ಯವೆನಿಸಿದ್ದನ್ನು ಮಾಡುತ್ತ ಬದುಕುವ ಸಾಮರ್ಥ್ಯವನ್ನು ಬೆಳೆಸಿ ಉಳಿಸಿಕೊಳ್ಳುವುದೆಂದು ಹೇಳಿತು, ಆ ಸಾಮರ್ಥ್ಯ ದೇಹದ ಶಕ್ತಿಯಿಂದ ಮಾತ್ರವಲ್ಲ, ಸುತ್ತಲಿನ ಪರಿಸರದಿಂದಲೂ ನಿರ್ಧಾರವಾಗುತ್ತದೆಂದು ವಿವರಿಸಿತು. 2021ರಿಂದ 2030ರವರೆಗಿನ ಆರೋಗ್ಯಕರ ವೃದ್ಧಾಪ್ಯದ ದಶಕವೂ ಇದೇ ತಿಳಿವಳಿಕೆಯನ್ನು ಆಧರಿಸಿದೆ. ಆ ತಂದೆಯ ಮೊಣಕಾಲು ಗುಣವಾಗಲಿಲ್ಲ, ಬದಲಾದದ್ದು ಕುಣಿ. ಜಗತ್ತಿನ ವಿದ್ವಾಂಸರು ಹೇಳುವ ಮಾತಿಗೆ ಇಳಕಲ್ಲಿನ ಒಂದು ಮನೆಯಲ್ಲಿ ಇಷ್ಟು ಸ್ಪಷ್ಟವಾದ ನಿದರ್ಶನ ಸಿಕ್ಕಿರುವಾಗ ಅದನ್ನು ಹಿಂದಿಟ್ಟು ಸಾಮಾನ್ಯ ಮಾತುಗಳನ್ನು ಮುಂದಿಡಬಾರದೆಂಬುದು ನನ್ನ ಕಳಕಳಿಯ ವಿನಂತಿ.

ಇನ್ನು ಇದು ಸಂಶೋಧನೆಯೋ ವಿಚಾರವೋ ಎಂಬುದನ್ನು ಪ್ರಾಮಾಣಿಕವಾಗಿ ನಿರ್ಧರಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿಯನ್ನು ಕೆಲಸ ಆರಂಭಿಸುವ ಮೊದಲೇ ಪಡೆಯಬೇಕು. ಮಾಹಿತಿ ಕೂಡಿಸಿದ ಮೇಲೆ ಪಡೆಯುವಂತಿಲ್ಲ. ಆದ್ದರಿಂದ ತಮ್ಮ ಈವರೆಗಿನ ಟಿಪ್ಪಣಿಗಳನ್ನು ಸಂಶೋಧನೆಯೆಂದು ಕರೆಯದೆ, ಅನುಭವದಿಂದ ಹುಟ್ಟಿದ ವಿಚಾರವೆಂದೇ ಈ ಸಮ್ಮೇಳನಕ್ಕೆ ಕಳಿಸಿರಿ. ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಆ ಮನೆಯವರನ್ನು ಕೇಳಿ ಒಪ್ಪಿಗೆ ಪಡೆಯಿರಿ, ಹೆಸರನ್ನೂ ಗುರುತು ಹತ್ತುವಂಥ ವಿವರವನ್ನೂ ಬಿಡಿರಿ. ಮುಂದಿನ ಹಂತದಲ್ಲಿ ಕ್ರಮಬದ್ಧ ಅಧ್ಯಯನ ಮಾಡುವ ಮನಸ್ಸಿದ್ದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗದವರೊಬ್ಬರನ್ನು ಜೊತೆಗೆ ಸೇರಿಸಿಕೊಂಡು, ಅಲ್ಲಿನ ಸಮಿತಿಯ ಮೂಲಕ ಹೊಸದಾಗಿ ಆರಂಭಿಸಿರಿ. ಓದುಬರಹ ಬಾರದ ಹಿರಿಯರಿದ್ದರೆ ಎಲ್ಲವನ್ನೂ ಓದಿ ಹೇಳಿ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರಿಗೆ ಹೆಬ್ಬೆಟ್ಟಿನ ಗುರುತು ಪಡೆಯುವ ಅವಕಾಶ ಅದೇ ಮಾರ್ಗಸೂಚಿಯಲ್ಲಿದೆ.

ಆಗ ಅಳತೆಯ ಪ್ರಶ್ನೆ ಬರುತ್ತದೆ. ವೈದ್ಯರು ಬಹಳವಾಗಿ ಬಳಸುವ ಒಂದು ಪರೀಕ್ಷೆಯಲ್ಲಿ ಹಿರಿಯರು ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವ ಹೊತ್ತನ್ನು ಗಡಿಯಾರದಲ್ಲಿ ನೋಡುತ್ತಾರೆ; 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುವುದು ರೂಢಿ. ಇದನ್ನು ಬಳಸಿರಿ, ಆದರೆ ಜೀವಮಾನವೆಲ್ಲ ನೆಲದ ಮೇಲೆ ಕುಳಿತು ದುಡಿದವರಿಗೆ ಕುರ್ಚಿಯ ಪರೀಕ್ಷೆಯೊಂದೇ ಸಾಲದು, ಕುಣಿಯಿಂದ ಏಳುವ ಹೊತ್ತನ್ನೂ ಬೇರೆಯಾಗಿ ಬರೆದುಕೊಳ್ಳಿರಿ. 2017-18ರಲ್ಲಿ ನಡೆದ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನವು 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು; ಮುಷ್ಟಿಬಲವನ್ನೂ, ಹಿರಿಯರ ನಡಿಗೆಯ ವೇಗವನ್ನೂ ಅದರಲ್ಲಿ ಅಳೆದಿದ್ದಾರೆ. ದೇಶದ ಚಿತ್ರ ಅದರಲ್ಲಿ ಸಿಗುತ್ತದೆ. ಕುಣಿಮಗ್ಗದ ಚಿತ್ರವನ್ನು ತಮ್ಮಂಥವರೇ ಕೊಡಬೇಕು.

ವಯಸ್ಸಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕರಡಿನಲ್ಲಿ ಹೆಚ್ಚಿನವರ ವಯಸ್ಸು 60, 65, 70 ಎಂದೇ ಇದೆ. ಅಂದಾಜಿನಲ್ಲಿ ಹೇಳಿದ ವಯಸ್ಸು ಹೀಗೆ ದುಂಡು ಅಂಕಿಗಳಿಗೆ ಬಂದು ನಿಲ್ಲುವುದು ಜನಗಣತಿಯಲ್ಲೂ ಕಾಣುವ ದೋಷ. ಹುಟ್ಟಿದ ದಿನ ಜನವರಿ 1 ಎಂದಿರುವ ಆಧಾರ್ ಚೀಟಿಯೂ ಅನೇಕರ ಮಟ್ಟಿಗೆ ಅಂದಾಜೇ. ಅದರ ಬದಲು ನಮ್ಮ ಭಾಗದ ನೆನಪುಗಳನ್ನು ಹಿಡಿದು ಕೇಳಿರಿ: 1956ರಲ್ಲಿ ಕರ್ನಾಟಕ ಒಂದಾದಾಗ ಶಾಲೆಗೆ ಹೋಗುತ್ತಿದ್ದಿರಾ, 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು ನೆನಪಿದೆಯೆ, 1972ರ ಬರಗಾಲದ ಹೊತ್ತಿಗೆ ಮದುವೆಯಾಗಿತ್ತೆ, ಮಕ್ಕಳಾಗಿತ್ತೆ? ಹೀಗೆ ಕೇಳಿ ಲೆಕ್ಕ ಹಾಕಿದ ವಯಸ್ಸು ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ.

ರಾಟಿಯ ಮೇಲೆ ಕೈ ಇಟ್ಟುಕೊಂಡೇ “ನಾ ಏನ್ ಕೆಲಸ ಮಾಡ್ತೀನ್ರಿ, ಸುಮ್ಮನ ಕುಂತೀನಿ” ಎಂದ ಅಜ್ಜಿಯ ಮಾತನ್ನು ತಾವು ಪತ್ರದಲ್ಲಿ ಬರೆದು ಕರಡಿನಲ್ಲಿ ಬಿಟ್ಟಿದ್ದೀರಿ. ಅದನ್ನು ದಯವಿಟ್ಟು ಸೇರಿಸಿರಿ, ಆಕೆ ಆಡಿದ ಮಾತಿನ ಜೊತೆಗೆ ಆಗ ಆಕೆಯ ಕೈ ಮಾಡುತ್ತಿದ್ದ ಕೆಲಸವನ್ನೂ ಬರೆಯಿರಿ. ಹಿರಿಯ ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಲು ಕರಡಿನಲ್ಲಿ ಇನ್ನೊಂದಿಲ್ಲ.

ಹಣ ಕಟ್ಟುವ ಮೊದಲು ಸಮ್ಮೇಳನವನ್ನು ಯಾವ ಸಂಸ್ಥೆ ನಡೆಸುತ್ತಿದೆ, ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ, ಹಿರಿಯ ನಾಗರಿಕರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯೆ ಎಂಬುದನ್ನು ವಿಚಾರಿಸಿರಿ. ಕಳಿಸಿದ ಮರುದಿನವೇ ಒಪ್ಪಿಗೆ ಕೊಟ್ಟು ಶುಲ್ಕಕ್ಕೆ ಅವಸರಪಡಿಸುವವರಿಂದ ದೂರವಿರಿ. ಭಾಷಣ ಮಾಡಲು ಸಂಕೋಚವಿದ್ದರೆ ಭಿತ್ತಿಪತ್ರದ (ಪೋಸ್ಟರ್) ವಿಭಾಗವನ್ನು ಆರಿಸಿಕೊಳ್ಳಬಹುದು. ಕುಣಿ ಮತ್ತು ಮೆಟ್ಟಿಲಿನ ಚಿತ್ರವನ್ನು ತೋರಿಸಲು ಅದೇ ಹೆಚ್ಚು ಅನುಕೂಲ.

ತಿದ್ದಿದ ಕರಡನ್ನು ಕಳಿಸಿದರೆ ಓದಿ ಅಭಿಪ್ರಾಯ ತಿಳಿಸುತ್ತೇನೆ. ಆ ಕುಣಿಯ ಆಳ, ಮೆಟ್ಟಿಲಿನ ಎತ್ತರ, ಗೂಟ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬ ಅಳತೆಗಳು ಈಗಿನ ಕರಡಿನಲ್ಲಿಲ್ಲ. ಕಳಿಸುವ ಮುನ್ನ ಟೇಪು ಹಿಡಿದು ಆ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿರಿ.

— ಸಂಪಾದಕ