ಮಾಡ್ ಕಟ್ಟುವವರು ದುಡ್ಡು ಕೇಳಬಹುದಾ? ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಆಟ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ.

ಅವರು ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು ಮೂವತ್ತರ ಆಸುಪಾಸು. ಹಗಲು ಕಚೇರಿ ಕೆಲಸ, ರಾತ್ರಿ ಇನ್ನೊಂದು ಕೆಲಸ. ಎರಡನೆಯದಕ್ಕೆ ಸಂಬಳ ಇಲ್ಲ. ಒಂದು ಹೆಸರುವಾಸಿ ವಿಡಿಯೋ ಗೇಮ್‌ಗೆ ಮಾಡ್ ಕಟ್ಟುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಂಪನಿ ಮಾರಿದ ಆಟಕ್ಕೆ ಆಟಗಾರರೇ ತಯಾರಿಸಿ ಸೇರಿಸುವ ಭಾಗ ಅದು. ಹೊಸ ಊರು, ಹೊಸ ಪಾತ್ರ, ಹೊಸ ಕಥೆ, ಕೆಲವು ಸಲ ಕಂಪನಿ ಸರಿ ಮಾಡದೇ ಬಿಟ್ಟ ಬಗ್‌ಗಳ ರಿಪೇರಿ. ಇವರ ಮಾಡ್ ದೊಡ್ಡದು. ತುಂಬಾ ಜನ ಆಡುತ್ತಾರೆ, ಎಲ್ಲರಿಗೂ ಉಚಿತ.

ಕಷ್ಟ ಶುರುವಾಗುತ್ತಿದ್ದುದು ಕಂಪನಿ ಅಪ್‌ಡೇಟ್ ಬಿಟ್ಟ ದಿನ. ಅಪ್‌ಡೇಟ್ ಬಂತು ಅಂದರೆ ಮಾಡ್ ಕೆಟ್ಟು ಕೂರುತ್ತದೆ. ಆಮೇಲೆ ಮೆಸೇಜ್‌ಗಳು ಬರತೊಡಗುತ್ತವೆ. "ಯಾವಾಗ ಸರಿ ಮಾಡ್ತೀರಾ?" "ನಾನು ಆಡಿ ಉಳಿಸಿಟ್ಟ ಸೇವ್ ಹಾಳಾಯ್ತು, ನಿಮ್ಮಿಂದಲೇ." "ಅರ್ಧಕ್ಕೆ ಬಿಟ್ಟು ಹೋದ್ರಾ?" ಇವರು ಊಟವನ್ನೂ ಮುಗಿಸದೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು, ಬೆಳಗಿನ ಜಾವದವರೆಗೆ ರಿಪೇರಿ ಮಾಡಿ ಕಚೇರಿಗೆ ಹೋಗುತ್ತಿದ್ದರು, ಅಲ್ಲಿ ಕೂತಾಗಲೂ ಮೊಬೈಲ್‌ನಲ್ಲಿ ಹೊಸ ದೂರು ಬಂತಾ ಅಂತ ನೋಡುತ್ತಲೇ ಇರುತ್ತಿದ್ದರು. ಒಂದು ದಿನ ಅವರ ಅಕ್ಕ ಕೇಳಿದರಂತೆ, "ಇಷ್ಟು ದುಡೀತೀಯಲ್ಲೋ, ಯಾರಾದ್ರೂ ಏನಾದ್ರೂ ಕೊಟ್ರಾ ನಿಂಗೆ?"

ಆ ಮಾತು ಇವರ ತಲೆಯಿಂದ ಹೋಗಲಿಲ್ಲ. ತಿಂಗಳಿಗಿಷ್ಟು ಅಂತ ಜನ ಕೊಡುವ ಒಂದು ಪುಟ ತೆರೆಯೋಣ ಅಂದುಕೊಂಡರು. ಪ್ರಕಟಣೆ ಬರೆದರು, ಅಳಿಸಿದರು, ಮತ್ತೆ ಬರೆದರು. ನನ್ನ ಮುಂದೆ ತಲೆ ಎತ್ತದೆ ಕೇಳಿದರು, "ಪ್ರೀತಿಯಿಂದ ಮಾಡಿದ್ದಕ್ಕೆ ದುಡ್ಡು ಕೇಳೋದು ಕೀಳಲ್ವಾ ಮೇಡಂ?"

ಕೀಳಲ್ಲ ಅಂತ ನೇರವಾಗಿಯೇ ಹೇಳಿದೆ. ನಾವು ಆಪ್ತಸಲಹೆಗಾರರು ಸಾಮಾನ್ಯವಾಗಿ ನಮ್ಮ ಅಭಿಪ್ರಾಯ ಮುಂದೆ ಇಡುವುದಿಲ್ಲ, ಬಂದವರೇ ತಮ್ಮ ಮಾತನ್ನು ಬಿಡಿಸಿಕೊಳ್ಳಲಿ ಅಂತ ಕಾಯುತ್ತೇವೆ. ಆದರೆ ದುಡಿದದ್ದಕ್ಕೆ ಕೂಲಿ ಕೇಳಲು ನಾಚುವವರ ಎದುರು ನಾನು ಸುಮ್ಮನಿದ್ದರೆ ಅದನ್ನೇ ಅವರು "ಹೌದು, ಕೀಳು" ಅಂತ ತಗೋತಾರೆ.

ಈ ಲೋಕದ ಚರಿತ್ರೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರ ಬಾಯಿಂದಲೇ ಹೇಳಿಸಿದೆ. ಕೌಂಟರ್-ಸ್ಟ್ರೈಕ್ 1999ರಲ್ಲಿ ಹಾಫ್-ಲೈಫ್ ಆಟಕ್ಕೆ ಇಬ್ಬರು ಕಟ್ಟಿದ ಮಾಡ್ ಆಗಿತ್ತು, ಮಿನ್ ಲೀ ಮತ್ತು ಜೆಸ್ ಕ್ಲಿಫ್. ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿ ಅವರನ್ನು ಸೇರಿಸಿಕೊಂಡು 2000ದಲ್ಲಿ ಅದನ್ನೇ ಮಾರಾಟಕ್ಕೆ ಬಿಟ್ಟಿತು. ಡೋಟಾ ಅನ್ನುವ ಆಟ ಹುಟ್ಟಿದ್ದೂ ಮಾಡ್ ಆಗಿಯೇ, ವಾರ್‌ಕ್ರಾಫ್ಟ್ 3 ಆಟದ ಒಳಗೆ. 2012ರಲ್ಲಿ ಡೇಝೀ ಅನ್ನುವ ಮಾಡ್ ಆಡಬೇಕು ಅಂತಲೇ ಎಷ್ಟೋ ಜನ ಆರ್ಮಾ 2 ಆಟ ಕೊಂಡರು. ಮಾಡ್ ಉಚಿತ, ಆಟಕ್ಕೆ ಮಾತ್ರ ದುಡ್ಡು. ಇಷ್ಟು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ತಮ್ಮ ಕೆಲಸದಿಂದ ಯಾರೋ ಒಬ್ಬರು ಈಗಾಗಲೇ ಗಳಿಸುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿತ್ತು, ಆದರೆ ಅದನ್ನು ಜೋರಾಗಿ ಹೇಳಿಕೊಂಡಿರಲಿಲ್ಲ.

ನಾಚಿಕೆಯ ಬೇರು ಇನ್ನೊಂದು ಕಡೆ ಇತ್ತು. 2015ರ ಏಪ್ರಿಲ್ 23ರಂದು ವಾಲ್ವ್ ಮತ್ತು ಸ್ಕೈರಿಮ್ ಆಟದ ಕಂಪನಿ ಬೆಥೆಸ್ಡಾ ಸೇರಿ ಆ ಆಟದ ಮಾಡ್‌ಗಳನ್ನು ವಾಲ್ವ್‌ನ ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ ಮಾರಲು ಅವಕಾಶ ಕೊಟ್ಟವು. ಆಟಗಾರರು ಸಿಟ್ಟಿಗೆದ್ದರು. ಒಂದು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು, 27ಕ್ಕೇ ಯೋಜನೆ ನಿಂತಿತು. ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ಆಗ ಕಾಲೇಜಿನಲ್ಲಿದ್ದರು. "ಅವತ್ತು ಬೇಡ ಅಂದವನು ಇವತ್ತು ಹೇಗೆ ಕೈ ಚಾಚಲಿ?" ಅಂದರು.

ಅವತ್ತು ನಿಮಗೆ ಸಿಟ್ಟು ಬಂದಿದ್ದು ನಿಖರವಾಗಿ ಯಾವುದಕ್ಕೆ ಅಂತ ಕೇಳಿದೆ. ಯೋಚಿಸಿ ಒಂದೊಂದೇ ಹೇಳಿದರು. ಮಾಡ್ ಕಟ್ಟಿದವರಿಗೆ ಸಿಗುತ್ತಿದ್ದುದು ಬರೀ 25 ಶೇಕಡಾ, ಉಳಿದದ್ದೆಲ್ಲ ಎರಡು ಕಂಪನಿಗಳಿಗೆ. ನಿನ್ನೆವರೆಗೆ ಉಚಿತವಾಗಿದ್ದುದಕ್ಕೆ ಇದ್ದಕ್ಕಿದ್ದಂತೆ ಬೆಲೆ. ನಾಳೆ ಅಪ್‌ಡೇಟ್‌ನಿಂದ ಕೆಟ್ಟರೆ ಯಾರು ಹೊಣೆ ಅನ್ನುವುದಕ್ಕೆ ಉತ್ತರ ಇಲ್ಲ. ಮೀನು ಹಿಡಿಯುವ ಒಂದು ಮಾಡ್ ಅಂತೂ ಬೇರೆಯವರ ಅನಿಮೇಷನ್ ಕೆಲಸವನ್ನು ನೆಚ್ಚಿಕೊಂಡಿತ್ತು, ಆ ಜಗಳದಲ್ಲಿ ಅದನ್ನು ಮಾರಾಟದಿಂದ ತೆಗೆಯಬೇಕಾಯಿತು.

"ಸರಿ. ಮಾಡ್ ಕಟ್ಟಿದವರಿಗೆ ಏನೂ ಸಿಗಬಾರದು ಅಂತಾನೂ ಅಂದುಕೊಂಡಿದ್ರಾ?"

"ಇಲ್ಲ ಮೇಡಂ. ಹಾಗೆ ಯಾವತ್ತೂ ಅಂದುಕೊಂಡಿಲ್ಲ."

ಹಾಗಾದರೆ ಅವತ್ತಿನ ಸಹಿಗೂ ಇವತ್ತಿನ ಬೇಡಿಕೆಗೂ ಜಗಳ ಇಲ್ಲ. ಇದನ್ನು ಒಪ್ಪಿಕೊಳ್ಳಲು ಅವರಿಗೆ ಇನ್ನಷ್ಟು ಭೇಟಿಗಳು ಬೇಕಾದವು.

ಆದರೆ ನನಗೆ ಹೆಚ್ಚು ಚಿಂತೆ ಇದ್ದುದು ದುಡ್ಡಿನ ಬಗ್ಗೆ ಅಲ್ಲ, ಆ ಮೆಸೇಜ್‌ಗಳ ಬಗ್ಗೆ. ಅಂಗಡಿ ಇಟ್ಟವರಿಗೆ ಇರುವ ಹೊಣೆಯನ್ನೆಲ್ಲ ಇವರು ಆಗಲೇ ಹೊತ್ತಿದ್ದರು, ಗಳಿಕೆ ಮಾತ್ರ ಇರಲಿಲ್ಲ. ಗಳಿಕೆ ಬಂದ ತಕ್ಷಣ ಹೊಣೆ ಹಗುರವಾಗುವುದಿಲ್ಲ, ಜಾಸ್ತಿಯಾಗುತ್ತದೆ. ಉಚಿತವಾಗಿ ತಗೊಂಡವರೇ ಇಷ್ಟು ಜೋರು ಮಾಡುವಾಗ ದುಡ್ಡು ಕೊಟ್ಟವರು ಬಿಡ್ತಾರಾ?

ಇಲ್ಲಿ ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದೆ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ಶಿಶುವಿಹಾರದ ಮಕ್ಕಳೊಂದಿಗೆ ಮಾಡಿದ್ದು. ಚಿತ್ರ ಬರೆಯುವುದು ಇಷ್ಟವಿದ್ದ ಮಕ್ಕಳಿಗೆ, ಬರೆದರೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿದರು. ಕೆಲವು ದಿನಗಳ ನಂತರ ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಮೊದಲೇ ಹೇಳದೆ, ಬರೆದ ಮೇಲೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಚಿಕ್ಕ ಮಕ್ಕಳ ಪ್ರಯೋಗ ತಂದು ದುಡಿಯುವ ದೊಡ್ಡವರಿಗೆ "ಪ್ರೀತಿ ಸಾಕು, ಸಂಬಳ ಯಾಕೆ" ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಹೇಳಿದ್ದು ಅದಲ್ಲ. ಮಾಡಿದ್ದಕ್ಕೆ ಮೆಚ್ಚಿ ಕೊಡುವುದು ಬೇರೆ, ಮುಂದೆ ಇಂತಿಂಥದ್ದು ಮಾಡುತ್ತೇನೆ ಅಂತ ಮಾತು ಕೊಟ್ಟು ತಗೊಳ್ಳುವುದು ಬೇರೆ. ಈಗ ನಿದ್ದೆಗೆಟ್ಟಿರುವ ನಿಮಗೆ ಎರಡನೆಯದು ಸದ್ಯಕ್ಕೆ ಬೇಡ, ಮೊದಲನೆಯದರಿಂದ ಶುರು ಮಾಡಿ ಅಂದೆ.

ಅದಕ್ಕೂ ಮುಂಚೆ ಆಟದ ಒಪ್ಪಂದವನ್ನು ಕೂತು ಓದಿ ಅಂದೆ. ಆಟ ಕಂಪನಿಯದ್ದು, ಅವರು ಹಾಕಿದ ಗೆರೆ ದಾಟಿದರೆ ಇಷ್ಟು ವರ್ಷದ ಕೆಲಸವನ್ನೇ ತೆಗೆಸಬಹುದು. ಗೆರೆ ಒಂದೊಂದು ಕಡೆ ಒಂದೊಂದು ಥರ ಇದೆ. ಮೈನ್‌ಕ್ರಾಫ್ಟ್‌ಗೆ ಕಟ್ಟಿದ ಮಾಡ್ ಹಂಚಬಹುದು, ಮಾರುವಂತಿಲ್ಲ. ದಿ ಸಿಮ್ಸ್ 4ರಲ್ಲಿ ದುಡ್ಡು ಕೊಟ್ಟವರಿಗೆ ಸ್ವಲ್ಪ ಕಾಲ ಮುಂಚೆ ಕೊಡಬಹುದು, ಆಮೇಲೆ ಎಲ್ಲರಿಗೂ ಉಚಿತ ಮಾಡಲೇಬೇಕು. ಮಾಡ್‌ಗಳನ್ನು ಹಂಚುವ ನೆಕ್ಸಸ್ ಮಾಡ್ಸ್ ತಾಣದಲ್ಲಿ 2018ರಿಂದ ಡೊನೇಶನ್ ಪಾಯಿಂಟ್ಸ್ ಅಂತ ಇದೆ. ಡೌನ್‌ಲೋಡ್ ಲೆಕ್ಕ ನೋಡಿ ತಾಣವೇ ಒಂದು ನಿಧಿಯಿಂದ ಹಂಚುತ್ತದೆ, ಆಟಗಾರರು ಕೈಯಿಂದ ಏನೂ ಕೊಡಬೇಕಿಲ್ಲ. ಇವರ ಮಾಡ್ ಅಲ್ಲೇ ಇತ್ತು. ನಾಚಿಕೆಯಿಂದ ಇಷ್ಟು ದಿನ ಅದಕ್ಕೂ ಸೇರಿರಲಿಲ್ಲ. ಅವತ್ತೇ ಸಂಜೆ ಸೇರಿದರು.

ಮೆಸೇಜ್‌ಗಳ ವಿಷಯಕ್ಕೆ ಒಂದು ಪ್ರಕಟಣೆ ಇಬ್ಬರೂ ಕೂತು ಬರೆದೆವು. ಆಟಕ್ಕೆ ಅಪ್‌ಡೇಟ್ ಬಂದ ಮೇಲೆ ಮಾಡ್ ಸರಿಯಾಗಲು ವಾರಗಳು ಹಿಡಿಯಬಹುದು, ಅಲ್ಲಿಯವರೆಗೆ ಆಟದ ಹಳೆಯ ಆವೃತ್ತಿಯಲ್ಲೇ ಇರಿ, ಸೇವ್‌ಗಳ ನಕಲು ಇಟ್ಟುಕೊಳ್ಳಿ, ಬೆಂಬಲವಾಗಿ ಯಾರು ಏನೇ ಕೊಟ್ಟರೂ ಅದು ಈವರೆಗಿನ ಕೆಲಸಕ್ಕೆ, ಮುಂದಿನ ರಿಪೇರಿಗೆ ಮುಂಗಡ ಅಲ್ಲ. ಕ್ಷಮೆ ಕೇಳುವ ಸಾಲು ಇವರು ಸೇರಿಸಿದ್ದರು. ಅದನ್ನು ತೆಗೆಯಲು ಹೇಳಿದೆ. ಅಪ್‌ಡೇಟ್ ಬಂದ ವಾರ ಕಾಮೆಂಟ್ ಮುಚ್ಚಿಡಿ, ರಾತ್ರಿ ಊಟವಾದ ಮೇಲೆ ಆ ಪುಟ ತೆರೆಯಬೇಡಿ ಅಂತಲೂ ಹೇಳಿದೆ. ಮೊದಮೊದಲು ತೆರೆದು ನೋಡುತ್ತಿದ್ದರು. ಈಗ ಕಡಿಮೆಯಾಗಿದೆ, ನಿದ್ದೆ ಪರವಾಗಿಲ್ಲ.

ಕೊನೆಗೆ ಉಳಿದದ್ದು ಜೊತೆಗಾರರ ಪ್ರಶ್ನೆ. ಈ ಮಾಡ್‌ನಲ್ಲಿ ಇನ್ನೊಬ್ಬರ ಸಂಗೀತ ಇದೆ, ಇನ್ಯಾರದೋ ಚಿತ್ರಗಳಿವೆ, ಕೆಲವರ ದನಿ ಇದೆ. ಬಂದದ್ದನ್ನು ಒಬ್ಬರೇ ಇಟ್ಟುಕೊಂಡರೆ ಕಂಪನಿ ಮಾಡಿದ್ದನ್ನೇ ಇವರೂ ಮಾಡಿದಂತೆ, ಅಲ್ವಾ? ಎಲ್ಲರಿಗೂ ಪತ್ರ ಬರೆದು ಕೇಳಿ ಅಂದೆ. ಉಳಿದವರು ಪಾಲಿಗೆ ಒಪ್ಪಿದರು. ಸಂಗೀತ ಮಾಡಿದವರು ಮಾತ್ರ ನನಗೆ ದುಡ್ಡೂ ಬೇಡ, ನನ್ನ ಸಂಗೀತವನ್ನು ದುಡ್ಡು ಕೊಟ್ಟವರಿಗೆ ಮಾತ್ರ ಕೊಡುವುದೂ ಬೇಡ ಅಂದಿದ್ದಾರೆ. ಅವರ ಮನಸ್ಸು ತಿರುಗಿಸಲು ಹೋಗಬೇಡಿ ಅಂತ ಹೇಳಿದ್ದೇನೆ. ಮಾಡ್ ಪೂರ್ತಿ ಉಚಿತವಾಗಿಯೇ ಇರುತ್ತದೆ, ಇಷ್ಟವಿದ್ದವರು ಕೊಡಬಹುದು, ಸಂಗೀತದವರ ಪಾಲನ್ನು ಏನು ಮಾಡಬೇಕು ಅಂತ ಅವರೇ ಹೇಳಲಿ. ಅವರ ಉತ್ತರ ಬಂದ ಮೇಲೆ ಪುಟ ತೆರೆಯುವುದು ಅಂತ ತೀರ್ಮಾನವಾಗಿದೆ.